ನಾಲ್ಕು ಚಕ್ರದ ಮೇಲೊಂದು ಕೋಣೆ

ಕ್ಯಾಂಪರ್ ವ್ಯಾನ್ ಎಂಬ ಮಾತು ನಮ್ಮ ಕಡೂರು, ತರೀಕೆರೆ, ಅಜ್ಜಂಪುರದವರ ಬಾಯಿಗೆ ಹೊಸದು. ಆದರೆ ವಸ್ತು ಹೊಸದಲ್ಲ. ಜಾತ್ರೆಯಿಂದ ಜಾತ್ರೆಗೆ ಹೋಗುವ ಬಳೆ, ಮಿಠಾಯಿ, ಆಟಿಕೆ ಅಂಗಡಿಯವರನ್ನು ನೋಡಿದ್ದೀರಲ್ಲ, ಅವರ ಟೆಂಪೋದ ಒಳಗೆ ಡಬ್ಬಗಳ ಸಾಲಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕೌದಿ, ಕೌದಿಯ ಮೇಲೆ ಮಲಗಿದ ಕೂಸು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು, ಅಡಿಕೆ ಖೇಣಿ ಹಿಡಿದು ಕೊಯ್ಲಿನ ತಿಂಗಳುಗಳನ್ನು ತೋಟದ ಬದಿಯಲ್ಲೇ ಕಳೆಯುವವರು, ಈರುಳ್ಳಿ ಕಾಲಕ್ಕೆ ಬಂದು ಲಾರಿಯ ಕೆಳಗೆ ಒಲೆ ಹೂಡುವವರು, ಇವರೆಲ್ಲ ಗಾಡಿಯಲ್ಲೇ ಬದುಕಿದರು. ಅವರನ್ನು ಯಾರೂ ಸಾಹಸಿಗಳು ಎನ್ನಲಿಲ್ಲ. ಅಲೆಮಾರಿಗಳು ಎಂದರು. ಅದೇ ಕೆಲಸವನ್ನು ಪಟ್ಟಣದವರು ಲಕ್ಷಾಂತರ ಸುರಿದು ಮಾಡಿದರೆ ಕ್ಯಾರವಾನ್ ಆಗುತ್ತದೆ. ಕೇರಳ ಸರ್ಕಾರ 2021ರಲ್ಲಿ ಇದಕ್ಕೆಂದೇ ಒಂದು ಪ್ರವಾಸೋದ್ಯಮ ಯೋಜನೆಯನ್ನೂ ತಂದಿತು.

ನಮ್ಮ ಸೀಮೆಗೆ ಗಾಡಿಯ ನಂಟು ಇನ್ನೂ ಹಳೆಯದು. ಅಜ್ಜಂಪುರದ ಅಮೃತ ಮಹಲ್ ಕಾವಲಿನ ದನಗಳ ಕಥೆ ಇಲ್ಲಿಯ ಮಕ್ಕಳಿಗೂ ಗೊತ್ತು. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಯುತ್ತಿದ್ದ ಇಲಾಖೆಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಹೆಸರು ಬೆಣ್ಣೆಯದಾದರೂ ಆ ಎತ್ತುಗಳ ದುಡಿಮೆ ದಂಡಿನದು: ತೋಪು ಎಳೆಯುವುದು, ದಿನಸಿ ಹೊರುವುದು, ಡೇರೆ ಸಾಗಿಸುವುದು. ದಂಡು ಎಂದರೆ ನಡೆಯುವ ಒಂದು ಊರೇ ತಾನೆ. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರವಾಯಿತು. ಆ ತಳಿಯ ಎತ್ತು ಕಟ್ಟಿದ ಕಮಾನು ಗಾಡಿಯಲ್ಲಿ ನಮ್ಮ ದಾದಿ ಬಾಬಾ ಬುಡನ್‌ಗಿರಿಯ ಉರುಸಿಗೆ ಹೋಗುತ್ತಿದ್ದರಂತೆ. ಬಿದಿರು ಕಮಾನಿಗೆ ಚಾಪೆ, ತಳಕ್ಕೆ ಒಂದು ಗೇಣು ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಅಚ್ಚಿಗೆ ತೂಗಿಹಾಕಿದ ಲಾಟೀನು. ರಾತ್ರಿ ಎತ್ತಿಗೆ ಅದೇ ಹುಲ್ಲು ಮೇವು. ಹಾಸಿಗೆಯನ್ನೇ ತಿನ್ನಿಸಿ ಊರು ಸೇರುವ ಅಂಥ ಜಾಣತನ ಯಾವ ಕಂಪನಿಯ ಕ್ಯಾರವಾನಿನಲ್ಲಿದೆ?

ನಮ್ಮ ಅಬ್ಬಾ ಕಡೂರಿನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿ. ಬೀಟೆ, ಹೊನ್ನೆ, ಮತ್ತಿ ಎಂದು ಮರವನ್ನು ಮೂಸಿ ನೋಡಿ ಹೇಳುತ್ತಿದ್ದವರು. ಚಾಸಿ ಒಂದು ಬೆತ್ತಲೆ ಅಸ್ಥಿಪಂಜರದ ಹಾಗೆ ಬರುತ್ತಿತ್ತು. ತಿಂಗಳಲ್ಲಿ ಅದಕ್ಕೆ ಕ್ಯಾಬಿನ್ನು, ಕ್ಯಾಬಿನ್ನಿನ ಹಿಂದೆ ಡ್ರೈವರ್ ಮಲಗುವ ಹಲಗೆ, ದೇವರ ಪಟಕ್ಕೋ 786ರ ಅಂಕಿಗೋ ಒಂದು ಗೂಡು, ಗಾಜಿನ ಮೇಲೆ ನಕ್ಷೆ ಎಲ್ಲ ಬರುತ್ತಿತ್ತು. ಬೆಳಿಗ್ಗೆ ಉರ್ದು ಶಾಲೆ ಮುಗಿಸಿ ಬುತ್ತಿ ಕೊಡಲು ಹೋದವನು ನಾನು ಅರ್ಧ ಕಟ್ಟಿದ ಲಾರಿಯ ಹಲಗೆಯ ಮೇಲೆ ಮಲಗಿ ಕನ್ನಡದ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಅಬ್ಬಾ ಮಲಗುವ ಹಲಗೆಗೆ ಮೊದಲು ತಾವೇ ಮಲಗಿ ನೋಡುತ್ತಿದ್ದರು. 'ಡ್ರೈವರಿನ ಬೆನ್ನು ಸುಖವಾಗಿದ್ದರೆ ಎದುರಿಗೆ ಬರುವವನ ಜೀವ ಸುಖವಾಗಿರುತ್ತದೆ' ಎನ್ನುವುದು ಅವರ ಲೆಕ್ಕ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಉಳಿ, ಕೈವಾಡೆ, ಮಟ್ಟಗೋಲು ಒಂದು ಮದ್ದಿನ ಪೆಟ್ಟಿಗೆಯಲ್ಲಿ ನಮ್ಮ ಅಟ್ಟದ ಮೇಲಿದ್ದವು.

ನಾನು ಗಾಡಿ ಕಟ್ಟಬೇಕೆಂದು ಹೊರಟದ್ದು ಸಾಹಸಕ್ಕಲ್ಲ. ಅಮ್ಮಿಯ ಮೊಣಕಾಲಿಗೆ. ಎಪ್ಪತ್ತು ದಾಟಿದ ಅವರಿಗೆ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಮನೆಯಲ್ಲಿ ಕಮೋಡ್ ಹಾಕಿಸಿದ್ದೇವೆ. ಆದರೆ ಹೊರಗೆ? ಬಸ್ ನಿಲ್ದಾಣದಲ್ಲಿ ಇಲ್ಲ, ನೆಂಟರ ಮನೆಯಲ್ಲಿ ಇಲ್ಲ, ಶಾದಿಮಹಲಿನಲ್ಲಿ ಇದ್ದರೂ ಮೆಟ್ಟಿಲು ಹತ್ತಿ ಹೋಗಬೇಕು. ಹೀಗಾಗಿ ಅಮ್ಮಿ ಮೊದಲು ದೂರದ ಮದುವೆಗಳನ್ನು ಬಿಟ್ಟರು, ಆಮೇಲೆ ಹತ್ತಿರದವನ್ನೂ ಬಿಟ್ಟರು. ಕಡೂರಿನಲ್ಲಿರುವ ತಂಗಿಯ ಮನೆಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಹೋಗಿಬಂದ ಮರುದಿನ ಜ್ವರ. ನಮ್ಮ ಹೆಂಗಸರು ಎಷ್ಟೋ ಜನ ಊರು ಬಿಟ್ಟು ಕದಲದಿರುವುದಕ್ಕೆ ಪರದೆ, ಸಂಪ್ರದಾಯ ಎಂದು ಹೊರಗಿನವರು ಕಾರಣ ಹುಡುಕುತ್ತಾರೆ. ಅರ್ಧಕ್ಕರ್ಧ ಕಾರಣ ಪಾಯಿಖಾನೆ. ಇದನ್ನು ಸೆಮಿನಾರುಗಳಲ್ಲಿ ಹೇಳುವವರು ಕಡಿಮೆ.

ಅಮ್ಮಿಗೆ ಒಂದೇ ಒಂದು ಆಸೆಯಿತ್ತು. ಅವರ ತವರು ನರಸಿಂಹರಾಜಪುರದ ಕಡೆಯ ಒಂದು ಹಳ್ಳಿ. ಅವರಿನ್ನೂ ಎಡೇಹಳ್ಳಿ ಎಂದೇ ಆ ಪೇಟೆಯನ್ನು ಕರೆಯುತ್ತಾರೆ, ಯುವರಾಜರ ಹೆಸರಿಡುವ ಮೊದಲಿನ ಹೆಸರು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಎದ್ದಾಗ ಗದ್ದೆ, ಮನೆ, ಖಬರಸ್ತಾನ ಎಲ್ಲವೂ ನೀರಿನ ಕೆಳಗೆ ಹೋದವು. ಆಗ ಅಮ್ಮಿಗೆ ಹತ್ತು ವರ್ಷ. 186 ಅಡಿ ತುಂಬಿದರೆ 71 ಟಿಎಂಸಿಗೂ ಹೆಚ್ಚು ನೀರು ನಿಲ್ಲುವ ಆ ಜಲಾಶಯದ ಅಂಕಿಯನ್ನು ದಾವಣಗೆರೆಯ ರೈತ ನೀರು ಬಂತೇ ಎಂದು ಪತ್ರಿಕೆಯಲ್ಲಿ ನೋಡುತ್ತಾನೆ. ಅಮ್ಮಿ ನೀರು ಇಳಿಯಿತೇ ಎಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ನೆಲ ಮೇಲೆ ಬರುತ್ತದೆ ಎಂದು ಯಾರೋ ಹೇಳಿದ್ದರು.

ಕೈಯಲ್ಲಿ ಎರಡು ಲಕ್ಷ ರೂಪಾಯಿ ಇತ್ತು. ಚೀಟಿ ಎತ್ತಿದ್ದು, ಮಹಡಿಯ ಮೇಲೊಂದು ಕೋಣೆಗೆ ತಾರಸಿ ಹಾಕಿಸಲು ಇಟ್ಟದ್ದು. ಹೆಂಡತಿ ನೇರವಾಗಿಯೇ ಕೇಳಿದಳು: 'ಮನೆಗೆ ತಾರಸಿ ಇಲ್ಲ, ಗಾಡಿಗೆ ಮಂಚವಾ?' ಅಣ್ಣ ಫೋನಿನಲ್ಲಿ ನಕ್ಕ. ಒಂದು ದಿನಕ್ಕೆ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಬಾ ಎಂದ. ಅವನ ಮಾತಿನಲ್ಲಿ ಲೆಕ್ಕ ಸರಿ ಇತ್ತು. ಆದರೆ ಬಾಡಿಗೆ ಕಾರಿನಲ್ಲಿ ಕಮೋಡ್ ಇರುವುದಿಲ್ಲ. ಕೊನೆಗೆ ಅಮ್ಮಿಯೇ 'ನಕ್ಕೊ ಬಾಬಾ, ಕಾಯ್ಕೊ ಇತ್ತಾ ಖರ್ಚು' ಎಂದಾಗ ಹೆಂಡತಿ ಪಕ್ಷ ಬದಲಿಸಿದಳು. ಅತ್ತೆ ಬೇಡವೆಂದದ್ದನ್ನು ಸೊಸೆ ಬೇಕೆನ್ನುವುದು ನಮ್ಮ ಮನೆಯ ನಿಯಮ. ಅಂದಿನಿಂದ ಆ ಹಣದ ಮೇಲೆ ಅವಳದೇ ಕಾವಲು. ಎರಡು ಲಕ್ಷ ದಾಟಕೂಡದು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಳು.

ಎರಡು ಲಕ್ಷಕ್ಕೆ ಬರುವ ಗಾಡಿ ನಮ್ಮಲ್ಲಿ ಒಂದೇ, ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಮುಂದೆ ಓಮ್ನಿಯಾಗಿ, 2019ರಲ್ಲಿ ತಯಾರಿಕೆ ನಿಂತಿತು. ಸಿನಿಮಾದಲ್ಲಿ ಅಪಹರಣಕ್ಕೆ, ಊರಲ್ಲಿ ಶಾಲೆಯ ಮಕ್ಕಳಿಗೆ, ಹಾಲಿಗೆ, ಹೆಣಕ್ಕೆ, ಮದುವೆಗೆ ಎಲ್ಲಕ್ಕೂ ಅದೇ ಗಾಡಿ. 796 ಸಿಸಿಯ ಸಣ್ಣ ಎಂಜಿನ್ನು, ಅದೂ ಮುಂದಿನ ಸೀಟಿನ ಕೆಳಗೆ. ಹಾಗಾಗಿ ಡ್ರೈವರ್ ಕೂರುವುದು ಒಲೆಯ ಮೇಲೆ, ಆದರೆ ಅದೇ ಕಾರಣಕ್ಕೆ ಹಿಂದೆ ಇಡೀ ಜಾಗ ಖಾಲಿ. ಪಕ್ಕಕ್ಕೆ ಜಾರುವ ಬಾಗಿಲು, ನೆಲಕ್ಕೆ ಹತ್ತಿರದ ತಳ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ರಿಪೇರಿ ಯಾವ ಮರದ ಕೆಳಗೂ ಆಗುತ್ತದೆ. 2012ರ ಮಾಡೆಲ್ಲಿನ ಐದು ಸೀಟಿನ ಗಾಡಿಯೊಂದು ತರೀಕೆರೆಯಲ್ಲಿ 1,20,000ಕ್ಕೆ ಸಿಕ್ಕಿತು. ಕೊಳ್ಳುವಾಗ ಎಂಜಿನ್ನಿಗಿಂತ ತಗಡನ್ನು ನೋಡಬೇಕು. ಎಂಜಿನ್ನು ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ತಳ ಕಟ್ಟಲಾಗದು. ಮಲೆನಾಡಿನ ಅಂಚಿನಲ್ಲಿ ಓಡಿದ ಗಾಡಿಯಾದ್ದರಿಂದ ಚಾಪೆ ಎತ್ತಿಸಿ, ಕೆಳಗೆ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ತಟ್ಟಿ ನೋಡಿದೆ. ಇನ್ನೊಂದು ಮಾತು, ಹದಿನೈದು ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿಸಿದರು. ಹಳೆ ಗಾಡಿ ಅಗ್ಗವೆಂದು ಹಾರುವವರು ಇಸವಿ ನೋಡಿ ಹಾರಬೇಕು. ಹೆಸರು ಬದಲಾವಣೆ, ವಿಮೆ, ನಾಲ್ಕು ಟೈರು, ಕ್ಲಚ್ ಪ್ಲೇಟು, ರೇಡಿಯೇಟರಿನ ಪೈಪು ಎಲ್ಲ ಸೇರಿ ಗಾಡಿ ರಸ್ತೆಗೆ ಬರುವಾಗ 1,51,500 ರೂಪಾಯಿ. ಉಳಿದದ್ದು ಐವತ್ತು ಸಾವಿರಕ್ಕೂ ಕಡಿಮೆ.

ಕಟ್ಟುವ ಮೊದಲು ಕಾನೂನು. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹುಡುಗರು ಮೊಬೈಲಿನಲ್ಲಿ ವಿದೇಶದ ವ್ಯಾನ್ ನೋಡಿ ತಗಡು ಕತ್ತರಿಸಲು ಹೊರಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ, ಕಂಪನಿ ನಿಗದಿ ಮಾಡಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಎಂದೂ ಸೇರಿತು. ಛಾವಣಿ ಎತ್ತರಿಸುವುದು, ಹೊಸ ಕಿಟಕಿ ಕೊರೆಯುವುದು, ಸೀಟು ಕಿತ್ತು ಮಂಚ ಬೆಸುಗೆ ಹಾಕುವುದು ಎಲ್ಲ ಇದರಡಿ ಬರುತ್ತದೆ. ಅಪಘಾತವಾದರೆ ವಿಮೆಯವರು ಕೈ ಎತ್ತಲು ನೆಪ ಬೇರೆ. ಹಾಗಾಗಿ ನಾನು ಒಂದೇ ಒಂದು ತೂತು ಕೊರೆಯಲಿಲ್ಲ, ಒಂದೂ ಬೆಸುಗೆ ಹಾಕಿಸಲಿಲ್ಲ. ಸೀಟು ಎಲ್ಲಿತ್ತೋ ಅಲ್ಲೇ ಮಡಚಿಕೊಂಡಿದೆ. ಅದರ ಮೇಲೆ ಕೂರುವ ಮಂಚ ಒಂದು ಸಾಮಾನು ಅಷ್ಟೆ. ಹತ್ತು ನಿಮಿಷದಲ್ಲಿ ಎತ್ತಿ ಪಡಸಾಲೆಯಲ್ಲಿ ಇಟ್ಟರೆ ಓಮ್ನಿ ಮತ್ತೆ ಓಮ್ನಿ. ಇದರಿಂದ ಇನ್ನೊಂದು ಲಾಭ. ವಾರವಿಡೀ ಹೆಂಡತಿ ಅದರಲ್ಲೇ ಟೈಲರಿಂಗ್ ಬಟ್ಟೆ ಸಾಗಿಸುತ್ತಾಳೆ.

ಮಂಚಕ್ಕೆ ಮರ ಯಾವುದು? ಅಬ್ಬಾ ಇದ್ದಿದ್ದರೆ ಮತ್ತಿ ಎನ್ನುತ್ತಿದ್ದರು. ಅದು ಲಾರಿಯ ಮರ. ನಮಗೆ ಬೇಕಾದದ್ದು ಹಗುರ. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರ ತರೀಕೆರೆಯ ಸಾಮಿಲ್ಲಿನಲ್ಲಿ ಅಗ್ಗವಾಗಿ ಸಿಗುತ್ತದೆ, ಪೆಟ್ಟಿಗೆ ಮಾಡುವ ಮರವೆಂದು ಬಡಗಿಗಳು ಮೂಗು ಮುರಿಯುತ್ತಾರೆ. ನೆಲಕ್ಕೆ ತಾಗದ, ನೀರು ಬೀಳದ ಜಾಗಕ್ಕೆ ಅದು ಧಾರಾಳ ಸಾಕು. ಸಿಲ್ವರ್ ರೀಪಿನ ಚೌಕಟ್ಟು, ಮೇಲೆ 12 ಎಂಎಂ ಪ್ಲೈವುಡ್ ಮೂರು ತುಂಡು. ತುಂಡುಗಳ ನಡುವೆ ಎರಡು ಬೆರಳು ಸಂದು, ಗಾಳಿಯಾಡಲಿ ಎಂದು. ಅಬ್ಬಾನ ಹಳೆಯ ಜೊತೆಗಾರ ಮೇಸ್ತ್ರಿಯೊಬ್ಬರು ಮೂರು ದಿನ ಬಂದರು. ಅಟ್ಟದ ಪೆಟ್ಟಿಗೆ ಇಳಿಸಿ ಕೊಟ್ಟೆ. ಉಳಿಯನ್ನು ಬೆರಳಿಗೆ ಒತ್ತಿ ನೋಡಿ ಏನೂ ಮಾತಾಡದೆ ಸಾಣೆ ಹಿಡಿಯಲು ಕೂತರು, ಆ ದಿನ ಮಧ್ಯಾಹ್ನದವರೆಗೆ ಅದೇ ಕೆಲಸ. ಕಟ್ಟಿ ಮುಗಿದ ಮೇಲೆ ಎಲ್ಲ ಸಾಮಾನನ್ನೂ ಅಡಿಕೆ ಮಂಡಿಯ ತೂಕಕ್ಕೆ ಹಾಕಿದೆವು. 104 ಕಿಲೋ. ಹಿಂದಿನ ಸೀಟಿನಲ್ಲಿ ಇಬ್ಬರು ಕೂರುವಷ್ಟೂ ಇಲ್ಲ. ಈ ತೂಕ ನೋಡುವುದು ಮುಖ್ಯ. ಸಣ್ಣ ಎಂಜಿನ್ನಿನ ಗಾಡಿಗೆ ಮನೆಯನ್ನೇ ಹೊರಿಸಿದರೆ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಏರಿನಲ್ಲಿ ಅದು ನಿಮ್ಮನ್ನು ಇಳಿಸಿ ತಳ್ಳಿಸಿಕೊಳ್ಳುತ್ತದೆ.

ಮಂಚದ ಎತ್ತರ ಅಮ್ಮಿಯದೇ ಅಳತೆ. ಮನೆಯಲ್ಲಿ ಅವರು ನೋವಿಲ್ಲದೆ ಏಳುವ ಕುರ್ಚಿ ಹದಿನಾರು ಇಂಚು. ವ್ಯಾನಿನ ಮಂಚದ ಅಂಚು ನೆಲದಿಂದ ಇಪ್ಪತ್ತಾರು ಇಂಚು ಬಂತು. ಆದ್ದರಿಂದ ಬಾಗಿಲ ಬಳಿ ಇಡಲು ಐದೈದು ಇಂಚಿನ ಎರಡು ಮೆಟ್ಟಿಲಿನ ಅಗಲ ಮಣೆ. ಮೇಲಿನ ಮೆಟ್ಟಿಲಲ್ಲಿ ನಿಂತು ಬೆನ್ನು ತಿರುಗಿಸಿದರೆ ಕುರ್ಚಿಯ ಮೇಲೆ ಕೂತ ಹಾಗೆ ಮಂಚದ ಮೇಲೆ ಕೂರಬಹುದು, ಆಮೇಲೆ ಕಾಲು ಒಳಗೆ. ಹಾಸಿಗೆಗೆ ಫೋಮ್ ಹಾಕಲಿಲ್ಲ. ಹತ್ತಿಯೂ ಬೇಡವೆನಿಸಿತು, ಮಳೆಗಾಲದ ತೇವ ಕುಡಿದರೆ ಹತ್ತಿ ಒಣಗುವುದಿಲ್ಲ. ಕಡೂರು ತೆಂಗಿನ ಸೀಮೆ, ನಾರಿನ ಹಾಸಿಗೆ ಎಷ್ಟು ಅಳತೆಗೆ ಬೇಕೋ ಅಷ್ಟಕ್ಕೆ ಕತ್ತರಿಸಿ ಕೊಟ್ಟರು. ಮೇಲೆ ಅಮ್ಮಿಯದೇ ಹಳೆ ಸೀರೆಗಳ ರಜಾಯಿ. ಅಗಲ ನಾಲ್ಕಡಿಯೊಳಗೆ, ಇಬ್ಬರು ಹೆಂಗಸರಿಗೆ ಸಾಕು. ನನಗೆ ಹೊರಗೆ ಮಡಚುವ ನೈಲಾನ್ ಪಟ್ಟಿಯ ಮಂಚ, ಜಾರುಬಾಗಿಲಿನಿಂದ ಎರಡು ಕೋಲಿಗೆ ಕಟ್ಟಿದ ಟಾರ್ಪಾಲಿನ ಕೆಳಗೆ. ಕೋಲುಗಳು ಗುಜರಿಯಲ್ಲಿ ಸಿಕ್ಕ ಶಾಮಿಯಾನದ ಪೈಪುಗಳು. ಕಡಿಮೆ ದುಡ್ಡಿನಲ್ಲಿ ಏನೇ ಕಟ್ಟುವವರು ಮೊದಲು ಗುಜರಿಯವನ ಸ್ನೇಹ ಮಾಡಬೇಕು.

2024ರ ಬೇಸಿಗೆ ಹೇಗಿತ್ತೆಂದು ನಿಮಗೆ ನೆನಪಿರಬಹುದು. ಓಮ್ನಿಯ ಛಾವಣಿ ಎಂದರೆ ಹಂಚು ಕಾಯಿಸಿದ ಹಾಗೆ. ಕೋಳಿ ಫಾರಂ ಶೀಟಿನ ಕೆಳಗೆ ಹಾಕುವ ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯನ್ನು ಒಳಗಿನ ಹೊದಿಕೆಗೂ ತಗಡಿಗೂ ನಡುವೆ ತೂರಿಸಿದೆವು, ಕಿಟಕಿ ಅಳತೆಗೆ ಅದರದೇ ಪರದೆ. ಬಿಸಿಲಿನಲ್ಲಿ ಅದು ಸಾಕೇ ಎಂದರೆ ಸಾಕಲ್ಲ, ಮರದ ನೆರಳಿಗೆ ಸಾಟಿ ಇಲ್ಲ. ಆದರೆ ರಾತ್ರಿ ಒಳಗೆ ಮಲಗುವವರು ಎಲ್ಲ ಗಾಜು ಮುಚ್ಚಿದರೆ ಬೆಳಗಾಗುವಾಗ ಉಸಿರೆಲ್ಲ ನೀರಾಗಿ ಗಾಜಿನ ಮೇಲೆ ಇಳಿಯುತ್ತದೆ. ಎರಡು ಕಡೆ ಎರಡು ಬೆರಳು ತೆರೆದಿಡಬೇಕು, ತೆರೆದ ಕಡೆ ಸೊಳ್ಳೆ ಪರದೆ ಅಂಟಿಸಬೇಕು.

ದೀಪ ಮತ್ತು ಫ್ಯಾನಿಗೆ ಗಾಡಿಯ ಬ್ಯಾಟರಿ ಮುಟ್ಟಬಾರದು, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಕಾಡಿನಲ್ಲಿ ಯಾರನ್ನು ಕರೆಯುವುದು? ಬೇರೆಯೇ ಒಂದು 12 ವೋಲ್ಟಿನ 40 ಎಎಚ್ ಬ್ಯಾಟರಿ. ಲೆಕ್ಕ ಸುಲಭ: 12ನ್ನು 40ರಿಂದ ಗುಣಿಸಿದರೆ 480 ವ್ಯಾಟ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಇಳಿಯುತ್ತದೆ, ಹಾಗಾಗಿ ಕೈಗೆ ಬರುವುದು 240. ಲಾರಿಗಳಲ್ಲಿ ಹಾಕುವ ಸಣ್ಣ ಫ್ಯಾನು 15 ವ್ಯಾಟಿನಂತೆ ರಾತ್ರಿ ಎಂಟು ಗಂಟೆಗೆ 120, ಎಲ್‌ಇಡಿ ದೀಪಕ್ಕೆ 20, ಎರಡು ಮೊಬೈಲಿಗೆ 20. ಒಟ್ಟು 160. ಬಿಸಿಲಿದ್ದ ದಿನ 50 ವ್ಯಾಟಿನ ಸೌರಫಲಕ ಅಷ್ಟನ್ನು ಮರಳಿ ತುಂಬುತ್ತದೆ. ಫಲಕವನ್ನು ಛಾವಣಿಗೆ ಬಿಗಿದಿಲ್ಲ, ನಿಂತಾಗ ಹೊರಗೆ ಒರಗಿಸುತ್ತೇನೆ, ಗಾಡಿ ನೆರಳಲ್ಲಿ ಫಲಕ ಬಿಸಿಲಲ್ಲಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಇಪ್ಪತ್ತು ರೂಪಾಯಿಯ ಆ ಫ್ಯೂಸ್ ಬಿಟ್ಟು ಗಾಡಿ ಸುಟ್ಟುಕೊಂಡವರಿದ್ದಾರೆ.

ಒಲೆ ಗಾಡಿಯ ಒಳಗೆ ಕೂಡದು. ಮಳೆ ಬಂದರೂ ಟಾರ್ಪಾಲಿನ ಕೆಳಗೆ, ಹೊರಗೆ. ಮುಚ್ಚಿದ ಜಾಗದಲ್ಲಿ ಉರಿಯುವ ಒಲೆ ಬಿಡುವ ವಿಷದ ಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಐದು ಕಿಲೋದ ಸಣ್ಣ ಸಿಲಿಂಡರು, ಒಂದು ಬರ್ನರ್. ನೀರಿಗೆ ಇಪ್ಪತ್ತು ಲೀಟರಿನ ಎರಡು ಕ್ಯಾನು, ಒಂದಕ್ಕೆ ತಿರುವುವ ನಲ್ಲಿ. ನಲವತ್ತು ಲೀಟರಿನಲ್ಲಿ ಮೂವರು ಎರಡು ದಿನ ಇರಬಹುದೇ ಎಂದು ಹೆಂಡತಿ ಸಂಶಯಪಟ್ಟಳು. ಅಮ್ಮಿ ಲೋಟ ಹಿಡಿದು ತೋರಿಸಿದರು. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರೆಂದು ಹದೀಸ್ ಇದೆ. ಮುದ್ದ್ ಎಂದರೆ ಜೋಡಿಸಿದ ಎರಡು ಕೈಯ ಬೊಗಸೆಯಷ್ಟು. ಮಸೀದಿಯ ನಲ್ಲಿಗಳನ್ನು ಪೂರ್ತಿ ತಿರುವಿಟ್ಟು ಮಾತಾಡುತ್ತಾ ಕಾಲು ತೊಳೆಯುವ ನಮಗೆ ವ್ಯಾನಿನ ಕ್ಯಾನು ಅದನ್ನು ನೆನಪಿಸಿತು.

ಇನ್ನು ಕಮೋಡ್. ಇಡೀ ಗಾಡಿಯ ಮೂಲ ಕಾರಣವೇ ಅದಾದ್ದರಿಂದ ನಾಚಿಕೆ ಬಿಟ್ಟು ಬರೆಯುತ್ತೇನೆ. ರೋಗಿಗಳಿಗೆಂದು ಮಾರುವ ಮಡಚುವ ಕಮೋಡ್ ಕುರ್ಚಿ 2,900 ರೂಪಾಯಿ. ಕೆಳಗೆ ಬಿಗಿ ಮುಚ್ಚಳದ ಬಕೆಟ್. ಸಾಮಿಲ್ಲಿನಿಂದ ಒಂದು ಚೀಲ ಮರದ ಹೊಟ್ಟು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಬಕೆಟಿನ ತಳಕ್ಕೆ ಮೂರು ಬೆರಳು ಹೊಟ್ಟು, ಪ್ರತಿ ಸಲ ಮುಗಿದ ಮೇಲೆ ಎರಡು ಲೋಟ ಹೊಟ್ಟು. ನೀರು ಒಳಗೆ ಬೀಳದಂತೆ ತೊಳೆದುಕೊಳ್ಳಲು ಪಕ್ಕದಲ್ಲಿ ಬೇರೆ ಬೇಸಿನ್. ಒಣಗಿದ್ದರೆ ವಾಸನೆಯೇ ಇರುವುದಿಲ್ಲ, ಇದು ನಂಬುವುದು ಕಷ್ಟ, ಆದರೆ ನಿಜ. ಬಕೆಟನ್ನು ಅಲ್ಲಿ ಇಲ್ಲಿ ಸುರಿಯುವುದಿಲ್ಲ, ಮನೆಗೆ ತಂದು ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇವೆ. ಕೂರುವುದು ವ್ಯಾನಿನ ಹಿಂಬಾಗಿಲ ಕೆಳಗೆ. ಮೇಲಕ್ಕೆತ್ತಿದ ಬಾಗಿಲೇ ಛಾವಣಿ, ಸುತ್ತ ದಪ್ಪ ಪರದೆ. ಹೆಂಡತಿಯೇ ಹೊಲಿದಳು. ರಂಜಾನಿನ ರಾತ್ರಿಗಳಲ್ಲಿ ತರಾವೀಹ್ ಮುಗಿಸಿ ಬಂದು ಈ ಕೆಲಸ. ಒಳಗಿನ ಖರ್ಚೆಲ್ಲ ಸೇರಿ 40,800. ಕ್ಯಾಲೆಂಡರಿನ ಮೇಲೆ ಒಟ್ಟು 1,92,300 ಎಂದು ಬರೆದು ಅಡಿಗೆರೆ ಎಳೆದಳು.

ಈದ್ ಕಳೆದ ವಾರ ಪರೀಕ್ಷೆಗೆಂದು ಹೊರಟೆವು. ಲೋಕಸಭಾ ಚುನಾವಣೆಯ ಕಾಲ, ಹೆದ್ದಾರಿಯಲ್ಲಿ ಚೆಕ್‌ಪೋಸ್ಟು. ನಮ್ಮ ಗಾಡಿಯ ಪರದೆ, ಪೆಟ್ಟಿಗೆ ನೋಡಿದ ಕೂಡಲೇ ಪಕ್ಕಕ್ಕೆ ಹಾಕಿಸಿದರು. ಮಂಚದ ಕೆಳಗಿನ ಒಂದೊಂದೇ ಡಬ್ಬಿ ತೆಗೆಸಿ, ಅಕ್ಕಿಯೊಳಗೆ ಕೈ ಹಾಕಿ, ಕೊನೆಗೆ ಒಬ್ಬರು ಬಹಳ ಗಂಭೀರವಾಗಿ ಬಕೆಟಿನ ಮುಚ್ಚಳ ತೆಗೆದರು. 'ಇದೇನು?' ಅಮ್ಮಿ ಒಳಗಿನಿಂದಲೇ ಕನ್ನಡದಲ್ಲಿ ಹೇಳಿದರು, 'ನನ್ನ ಪಾಯಿಖಾನೆ ಸ್ವಾಮಿ. ಇನ್ನೂ ಶುರು ಮಾಡಿಲ್ಲ.' ಆತ ಮುಚ್ಚಳ ಹಾಕಿ ಕೈ ತೊಳೆಯಲು ನಮ್ಮದೇ ಕ್ಯಾನಿನ ನೀರು ಕೇಳಿದರು.

ಹಗಲು ಅಮೃತಾಪುರದ ದೇವಾಲಯದ ನೆರಳಿನಲ್ಲಿ ಕಳೆಯಿತು. 1196ರಲ್ಲಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಗುಡಿ. ಅದರ ತಿರುಗಣೆ ಕಂಬಗಳನ್ನು ಮುಟ್ಟಿ ಮುಟ್ಟಿ ಹೆಂಡತಿ ಸುಸ್ತಾದಳು. ಪ್ರಶ್ನೆ ಇದ್ದದ್ದು ರಾತ್ರಿಯದು. ಭದ್ರಾ ಅಭಯಾರಣ್ಯ ಹುಲಿ ಕಾಡು, ಅಲ್ಲಿ ರಸ್ತೆ ಬದಿ ನಿಲ್ಲಿಸುವ ಮಾತೇ ಇಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಲಾರಿಗಳ ಸದ್ದು. ಪಾತ್ರೆ ಮಾರುವವರು ನನಗೆ ಕಲಿಸಿದ ಪಾಠ ಒಂದಿತ್ತು. ಕತ್ತಲಾಗುವ ಮೊದಲೇ ಊರಿನ ಅಂಗಡಿಗೆ ಹೋಗಿ ಏನಾದರೂ ಕೊಂಡು, ನಾವು ಇಂಥವರು, ಇಂಥ ಊರಿನವರು, ಇಲ್ಲಿ ತಂಗಬಹುದೇ ಎಂದು ಕೇಳಬೇಕು. ತರೀಕೆರೆಯಿಂದಾಚೆ ಒಂದು ಹಳ್ಳಿಯಲ್ಲಿ ಹಾಗೆಯೇ ಕೇಳಿದೆ. ಅಂಗಡಿಯ ಯಜಮಾನರು ಅಮ್ಮಿಯನ್ನು ನೋಡಿ, 'ಕೆರೆ ಏರಿ ಮೇಲೆ ಬ್ಯಾಡ, ನಮ್ಮ ಕಣದಾಗೆ ಹಾಕ್ಕಳಿ' ಎಂದರು.

ಹತ್ತು ಗಂಟೆಗೆ ಎರಡು ಬೈಕು ಬಂದವು. ನಾಲ್ವರು ಹುಡುಗರು. ಟಾರ್ಚು ಮೊದಲು ನಂಬರ್ ಪ್ಲೇಟಿಗೆ, ಆಮೇಲೆ ನನ್ನ ಮುಖಕ್ಕೆ, ಆಮೇಲೆ ಪರದೆಗೆ. 'ಯಾವೂರು? ಹೆಸರೇನು?' ಹೆಸರು ಹೇಳಿದೆ. ಈ ದೇಶದಲ್ಲಿ ಹೆಸರು ಹೇಳಿದ ಮೇಲೆ ಬರುವ ಮೌನವೊಂದಿದೆ. ಅದು ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ನಾವು ಎಷ್ಟೋ ವಿಷಯ ಅಂದಾಜು ಮಾಡುವುದನ್ನು ಕಲಿತಿದ್ದೇವೆ. ಒಳಗೆ ಯಾರು ಎಂದು ಕೇಳಿದರು. ತಾಯಿ, ಹೆಂಡತಿ ಎಂದೆ. ಅಷ್ಟರಲ್ಲಿ ಯಜಮಾನರು ಬನಿಯನ್ನಿನಲ್ಲೇ ಹೊರಗೆ ಬಂದು, 'ನಾನೇ ಕಣ್ರೋ ಹೇಳಿದ್ದು' ಎಂದರು. ಹುಡುಗರು ಸಡಿಲವಾದರು. ಒಬ್ಬ ಫ್ಯಾನು ಯಾವುದರಿಂದ ತಿರುಗುತ್ತದೆ ಎಂದು ಕೇಳಿದ, ಬ್ಯಾಟರಿ ತೋರಿಸಿದೆ, ಫಲಕದ ಬೆಲೆ ಹೇಳಿದೆ, ಅವನ ತೋಟದ ಮನೆಗೂ ಆಗುತ್ತದೆಯೇ ಎಂದು ವಿಚಾರಿಸಿದ. ಹೋಗುವಾಗ ಅವನೇ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡ. ಅಮ್ಮಿ ಒಳಗೆ ಎಚ್ಚರವಾಗಿಯೇ ಇದ್ದರು. ಬೆಳಿಗ್ಗೆ ಅದರ ಬಗ್ಗೆ ಏನೂ ಕೇಳಲಿಲ್ಲ, ಚಹಾ ಮಾಡಿಸಿ ಮೊದಲ ಲೋಟವನ್ನು ಯಜಮಾನರ ಮನೆಗೆ ಕಳಿಸಿದರು.

ನರಸಿಂಹರಾಜಪುರಕ್ಕೆ ಹೊರಟದ್ದು ಮೇ ತಿಂಗಳಲ್ಲಿ. 2023ರ ಮಳೆ ಕೈಕೊಟ್ಟಿತ್ತಾದ್ದರಿಂದ ಭದ್ರೆ ಬಹಳ ಇಳಿದಿದ್ದಳು. ಒಂದು ಕಾಲದಲ್ಲಿ ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಮ್ ರೈಲು ಓಡುತ್ತಿತ್ತು. ನಮ್ಮ ನಾನಾ ಅದರಲ್ಲಿ ಕೂತಿದ್ದರಂತೆ. ಲಕ್ಕವಳ್ಳಿ ದಾಟಿ ಕಾಡಿನ ರಸ್ತೆಯಲ್ಲಿ ಅಮ್ಮಿ ಮಂಚದ ಮೇಲಲ್ಲ, ಮುಂದಿನ ಸೀಟಿನಲ್ಲೇ ಕೂತರು, ಕೆಳಗೆ ಎಂಜಿನ್ನು ಕಾಯುತ್ತಿದ್ದರೂ. ದಾರಿಯುದ್ದಕ್ಕೂ ನೀರು ಕುಡಿದರು. ಎರಡು ಕಡೆ ನಿಲ್ಲಿಸಿದೆವು. ಮನೆಯಿಂದ ಹೊರಗೆ ಅವರು ಹೀಗೆ ಹೆದರದೆ ನೀರು ಕುಡಿದದ್ದನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ದಂಡೆಯಲ್ಲಿ ಮೀನು ಹಿಡಿಯುವವರನ್ನು ಕೇಳಿ ಗಾಡಿ ನಿಲ್ಲಿಸಿದೆ. ಎದುರಿಗೆ ಒಡೆದ ಕೆಸರಿನ ಬಯಲು, ಕಪ್ಪಾದ ಮರದ ಮೋಟುಗಳು, ಅದರಾಚೆ ಬಹಳ ದೂರದಲ್ಲಿ ನೀರು. ಅಮ್ಮಿ ಮಣೆಯ ಮೇಲೆ ಕಾಲಿಟ್ಟು ಮಂಚದ ಅಂಚಿನಲ್ಲಿ ಕೂತು ನೋಡಿದರು. ಬಾವಿ ಈ ಕಡೆ ಇರಬೇಕು ಎಂದರು. ಸ್ವಲ್ಪ ಹೊತ್ತಿಗೆ ಆ ಕಡೆ ಎಂದರು. ಅವರಿಗೆ ಯಾವ ಗುರುತೂ ಸಿಗಲಿಲ್ಲ. ಗುಡ್ಡವೊಂದನ್ನು ಮಾತ್ರ ಹೌದು ಎಂದರು, ಅದರ ಹೆಸರು ಮೀನಿನವರು ಹೇಳಿದ್ದೇ ಬೇರೆ. ಅಸರ್ ನಮಾಜನ್ನು ಪ್ರಯಾಣಿಕರಿಗಿರುವಂತೆ ಎರಡು ರಕಾತ್ ಮಾಡಲು ಹೊರಟವನನ್ನು ತಡೆದು, 'ಯೇ ಮೇರಾ ಗಾಂವ್ ಹೈ, ಮೈಂ ಪೂರಾ ಪಢೂಂಗಿ' ಎಂದು ಕೂತಲ್ಲೇ ನಾಲ್ಕು ರಕಾತ್ ಓದಿದರು. ಆಮೇಲೆ ಬಯಲಿನ ಕಡೆ ಕೈ ಎತ್ತಿ ಫಾತಿಹಾ. ಯಾವ ಗೋರಿ ಎಲ್ಲಿದೆಯೋ, ಇಡೀ ಕೆಸರಿಗೇ ಓದಿದರು.

ಅಂದು ರಾತ್ರಿ ಗೊರಕೆ ಹೊಡೆದು ಮಲಗಿದವರು ಅವರೊಬ್ಬರೇ. ಸೊಳ್ಳೆ ಪರದೆಯ ಹೊರಗಿದ್ದ ನನಗೆ ನಿದ್ದೆ ಬರಲಿಲ್ಲ.

ಈಗ ಕಡೂರಿನ ಖಾಲಾಗೂ ಸುದ್ದಿ ಮುಟ್ಟಿದೆ. ಅವರ ಮೊಣಕಾಲೂ ಅಂಥದ್ದೇ. ಮುಂದಿನ ಸಲ ತಾನೂ ಬರುತ್ತೇನೆ ಎನ್ನುತ್ತಿದ್ದಾರೆ. ಒಳಗೆ ಮೂವರಿಗೆ ಜಾಗವಿಲ್ಲ, ಹೆಂಡತಿ ಹೊರಗೆ ಮಲಗಲು ಒಪ್ಪುವುದಿಲ್ಲ. ಮುಂದಿನ ಎರಡು ಸೀಟಿನ ಮೇಲೆ ಅಡ್ಡಹಲಗೆ ಹಾಕಿದರೆ ಸಣ್ಣ ಆಳಿಗೆ ಆಗುತ್ತದೆ ಎಂದು ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಆದರೆ ಎಂಜಿನ್ನು ತಣಿಯಲು ಎರಡು ಗಂಟೆ ಕಾಯಬೇಕು, ಖಾಲಾ ಮಲಗುವುದು ಇಶಾ ಆದ ಕೂಡಲೇ.